ಕೆಂಪು ಬೆಂಚು, ಬಚ್ಚಲ ಬಾಗಿಲು

ನಾನು ಚಿಕ್ಕವನಿದ್ದಾಗ ಬ್ಯಾಡಗಿಯಲ್ಲಿದ್ದ ನಮ್ಮ ಮನೆಯಲ್ಲಿ ಕದ ಇದ್ದದ್ದು ಬೀದಿಯ ಬಾಗಿಲಿಗೊಂದಕ್ಕೇ. ಹಿತ್ತಲ ಬಚ್ಚಲಿಗೆ ಮೂರು ಕಡೆ ಮೋಟು ಗೋಡೆ, ನಾಲ್ಕನೆಯ ಕಡೆ ಒಂದು ಗೋಣಿತಟ್ಟು. ಅಪ್ಪ ಮೆಣಸಿನಕಾಯಿ ಅಡತಿ ಅಂಗಡಿಯಲ್ಲಿ ದಬ್ಬಣ ಹಿಡಿದು ಚೀಲ ಹೊಲಿಯುತ್ತಿದ್ದ. ಹಾಗಾಗಿ ನಮ್ಮ ಮನೆಯ ಎಲ್ಲ ಕೊರತೆಗೂ ಚೀಲವೇ ಮದ್ದು. ಮಲಗಲು ಚೀಲ, ಕಾಲೊರೆಸಲು ಚೀಲ, ಮಳೆ ಬಂದರೆ ತಲೆಯ ಮೇಲಿನ ಕೊಪ್ಪೆಯೂ ಚೀಲ. ಬಚ್ಚಲ ತಟ್ಟಿಗೆ ನೀರು ಸಿಡಿದರೆ ಅದರ ಎಳೆಗಳಲ್ಲಿ ಉಳಿದಿದ್ದ ಖಾರ ಎದ್ದು ಕಣ್ಣು ಉರಿಯುತ್ತಿತ್ತು. ನನಗದು ಆಟ, ಸೀನುತ್ತಾ ಸ್ನಾನ ಮಾಡುತ್ತಿದ್ದೆ. ಅವ್ವನಿಗೆ ಆಟವಾಗಿರಲಿಲ್ಲ.

ಅವ್ವ ನಸುಕಿನಲ್ಲೇ ಎದ್ದು ಸ್ನಾನ ಮುಗಿಸುತ್ತಿದ್ದಳು. ಅಕ್ಕ ಹೊರಗೆ ನಿಂತು ತಟ್ಟಿನ ತುದಿ ಹಿಡಿದುಕೊಳ್ಳಬೇಕು, ಯಾಕೆಂದರೆ ಮೋಟು ಗೋಡೆಯಾಚೆ ಜನ ಓಡಾಡುವ ಓಣಿ. "ಒಂದು ಬಾಗಲಾ ಮಾಡಸ್ರಿ" ಎಂದು ಅವ್ವ ಅಪ್ಪನಿಗೆ ಹೇಳದ ತಿಂಗಳಿರಲಿಲ್ಲ. ಮೋಟೆಬೆನ್ನೂರಿನಲ್ಲಿದ್ದ ಅವಳ ಅಣ್ಣ, ಅಂದರೆ ನಮ್ಮ ಸೋದರಮಾವ, ಬಾಗಿಲಿಗೆಂದೇ ಮೂರು ಬೇವಿನ ಹಲಗೆ ತಂದು ಗೋಡೆಗೆ ಆನಿಸಿ ಹೋಗಿದ್ದ. ಅವ್ವ ಸಂತೆಯಲ್ಲಿ ಎರಡು ಬಿಜಾಗರಿ ಕೊಂಡು, ಬಟ್ಟೆಯಲ್ಲಿ ಸುತ್ತಿ ತನ್ನ ಟ್ರಂಕಿನಲ್ಲಿ ಇಟ್ಟಿದ್ದಳು. ಬಿಜಾಗರಿ ಅಂದರೆ ಬಾಗಿಲು ತಿರುಗಲಿ ಎಂದು ಚೌಕಟ್ಟಿಗೆ ಬಡಿಯುವ ಕಬ್ಬಿಣದ ಪಟ್ಟಿ. ಇಷ್ಟೆಲ್ಲ ಇದ್ದರೂ ಅಪ್ಪ ಎರಡು ವರ್ಷ "ನಾಳೆ ಮಾಡೂಣಂತ" ಅನ್ನುತ್ತಲೇ ಇದ್ದ. ನಾಳೆ ಎಂದವನ ಮನೆ ಹಾಳು ಅನ್ನುತ್ತಾರಲ್ಲ, ನಮ್ಮದು ಹಾಗೇ ಆಯಿತು.

ಕಾರಹುಣ್ಣಿಮೆಯ ಹೊತ್ತಿನ ಗಾಳಿ ನೀವೂ ನೋಡಿದ್ದೀರಿ, ಮಕ್ಕಳೇ. ಹುಣ್ಣಿಮೆಯ ಮರುದಿನ ಅಕ್ಕನಿಗೆ ಜ್ವರ ಬಂದು, ತಟ್ಟು ಹಿಡಿಯುವವರು ಇರಲಿಲ್ಲ. ಅವ್ವ ಎದ್ದದ್ದೂ ತಡವಾಗಿತ್ತು. ಸ್ನಾನಕ್ಕೆ ಕುಳಿತಿದ್ದಾಗ ಗಾಳಿ ತಟ್ಟನ್ನು ಕಿತ್ತು ಗೋಡೆಯಾಚೆ ಒಗೆಯಿತು. ಓಣಿಯಲ್ಲಿದ್ದವರು ನಕ್ಕರು. ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದ ಅಪ್ಪನೂ ನಕ್ಕುಬಿಟ್ಟ. ನಮ್ಮಪ್ಪ ಕೆಟ್ಟ ಮನುಷ್ಯನಲ್ಲ, ಆದರೆ ಆ ನಗು ಕೆಟ್ಟದ್ದು. ಅವ್ವ ಒದ್ದೆ ಕೂದಲಲ್ಲೇ ತವರಿನ ಬಸ್ಸು ಹತ್ತಿದಳು.

ನಾಲ್ಕು ದಿನ ಅಪ್ಪ ಬಡಿದ ದಪ್ಪ ರೊಟ್ಟಿ ತಿಂದೆವು. ಒಂದು ಕಡೆ ಕರಕಲು, ಇನ್ನೊಂದು ಕಡೆ ಹಸಿ ಹಿಟ್ಟು. ಐದನೆಯ ದಿನ ಅಪ್ಪ, "ಮನಿ ಹೊಸಾದು ಮಾಡೂಣು. ನಿಮ್ಮವ್ವ ನೋಡಿದ ಕೂಡ್ಲೆ ಸಿಟ್ಟು ಮರೀಬೇಕು" ಅಂದ. ಸೋಮವಾರ ಒಂದು ಸಲ ಬಂದು ನೋಡಿ ಹೋಗು ಎಂದು ಅವ್ವನಿಗೆ ಹೇಳಿಕಳಿಸಿದ. ಬರುತ್ತಾಳಂತೆ ಎಂದು ತಿರುಗಿ ಸುದ್ದಿ ಬಂತು. ನನಗಾಗ ಎಂಟು ವರ್ಷ, ಅಕ್ಕನಿಗೆ ಹನ್ನೆರಡು. ಅವ್ವ ಬಂದರೆ ಮತ್ತೆ ಹೋಗುವುದಿಲ್ಲ ಎಂದೇ ನಾನು ತಿಳಿದುಕೊಂಡೆ.

ಅವಳು ಬರುವ ಹಿಂದಿನ ದಿನ, ಐತವಾರ, ಮನೆಯಲ್ಲಿ ಹಬ್ಬವೇ ಹಬ್ಬ. ಎದುರುಮನೆಯವರು ಎತ್ತಿನ ಕೋಡಿಗೆ ಬಳಿದು ಉಳಿಸಿದ್ದ ಕೆಂಪು, ಹಸಿರು ಬಣ್ಣವನ್ನು ನಾನು ಕೇಳಿ ತಂದೆ. ಈಚಲ ಕಡ್ಡಿಯ ತುದಿಯನ್ನು ಕಲ್ಲಿನಿಂದ ಜಜ್ಜಿ ಬ್ರಷ್ ಮಾಡಿಕೊಂಡೆವು. ಗೋಡೆಯ ಗೂಡುಗಳ ಅಂಚಿಗೆ ಹಸಿರು, ಊಟದ ಮಣೆಗಳಿಗೆ ಕೆಂಪು. ಹಳೆಯ ಎಣ್ಣೆ ಡಬ್ಬಿಗೆ ಎರಡೂ ಬಣ್ಣ ಬಳಿದು ತುಳಸಿ ನೆಟ್ಟೆವು. ಜ್ವರ ಬಿಟ್ಟ ಅಕ್ಕ ಗೋಡೆಗೊರಗಿ ಕುಳಿತು ಬಣ್ಣದ ಹಾಳೆಯಲ್ಲಿ ಹೂ ಕತ್ತರಿಸಿದಳು. ಅಪ್ಪ ಬಚ್ಚಲಿಗೆ ಹೊಸ ತಟ್ಟು ಹೊಲಿದು, ಅಂಚಿಗೆ ಅವ್ವನ ಹಳೇ ಸೀರೆಯ ದಡಿ ಹಚ್ಚಿ, ಅಕ್ಕನ ಹೂಗಳನ್ನೆಲ್ಲ ಅದಕ್ಕೇ ಪೋಣಿಸಿದ. ಎಷ್ಟು ಚೆಂದದ ಹೊಲಿಗೆ ಅಂತೀರಿ! ನಾನು ಚಪ್ಪಾಳೆ ತಟ್ಟಿದೆ. ಹೊಸ ಚೀಲದ ಘಾಟಿಗೆ ಸೀನಿದೆ ಕೂಡ.

ಆಮೇಲಿನದು ಹೇಳಲು ನನಗೆ ಇಷ್ಟವಿಲ್ಲ, ಆದರೂ ಹೇಳುತ್ತೇನೆ. ಅವ್ವ ಯಾವಾಗಲೂ ನೆಲದ ಮೇಲೇ ಕುಳಿತುಕೊಳ್ಳುತ್ತಿದ್ದಳು. ಅವಳಿಗೊಂದು ಬೆಂಚು ಮಾಡೋಣ ಎಂದವನು ನಾನು. ಗೋಡೆಗೆ ಆನಿಸಿದ್ದ ಮೂರು ಹಲಗೆಗಳನ್ನು ತೋರಿಸಿದವನೂ ನಾನೇ.

"ಅವು ಬಚ್ಚಲ ಬಾಗಲಕ್ಕ ಇಟ್ಟದ್ದು ಅಪ್ಪಾ" ಅಂದಳು ಅಕ್ಕ.

"ಬಾಗಲಾ ಆಮ್ಯಾಲ ಮಾಡಿದ್ರಾತು. ಮೊದಲ ಆಕಿ ಬಂದು ಖುಷಿ ಆಗಲಿ" ಅಂದ ಅಪ್ಪ.

ಗರಗಸ ಎರವಲು ತಂದು ಮೂರನ್ನೂ ನಡುವೆ ಕೊಯ್ದ. ಬೇವಿನ ಕಹಿ ವಾಸನೆ ಮನೆಯೆಲ್ಲ ತುಂಬಿತು. ಸಂಜೆಯ ಹೊತ್ತಿಗೆ ಪಡಸಾಲೆಯಲ್ಲಿ ಕೆಂಪು ಬೆಂಚೊಂದು ನಿಂತಿತ್ತು. ನಾನು ಅದರ ಮೇಲೆ ಹಸಿರು ಗಿಳಿಯೊಂದನ್ನು ಬರೆದೆ. ಗಿಳಿ ಸ್ವಲ್ಪ ಬಾತುಕೋಳಿಯ ಹಾಗೆ ಕಾಣುತ್ತಿತ್ತು.

ಸೋಮವಾರ ಅವ್ವ ಸೋದರಮಾವನ ಜೊತೆ ಬಂದಳು. ಅಕ್ಕನ ಹಣೆ ಮುಟ್ಟಿ ನೋಡಿದಳು, ನನ್ನ ತಲೆ ಸವರಿದಳು. ಗೂಡು, ಮಣೆ, ತುಳಸಿ ಎಲ್ಲ ನೋಡಿ, "ಚಂದ ಮಾಡೀರಿ" ಅಂದಳು. ನಾನು ಸಂತೋಷಕ್ಕೆ ಅವಳ ಹಿಂದೆ ಹಿಂದೆಯೇ ಓಡಾಡಿದೆ. ಆಮೇಲೆ ಹಿತ್ತಲಿಗೆ ಹೋಗಿ ಆ ಹೂವಿನ ತಟ್ಟನ್ನು ಕೈಯಲ್ಲಿ ಹಿಡಿದು ನೋಡಿದಳು. ತಿರುಗಿ ಬಂದು ಗೋಡೆಯ ಕಡೆ ನೋಡಿದಳು.

"ಹಲಗಿ ಎಲ್ಲಿ ಅದಾವ್ರಿ?"

ಅಪ್ಪ ಬೆಂಚು ತೋರಿಸಿದ. "ನೋಡು, ನಿನಗಂತನ ಮಾಡೇವಿ. ಬಣ್ಣ ಇನ್ನಾ ಹಸಿ ಐತಿ, ಹುಷಾರ."

ಅವ್ವ ಬಾಗಿ ಹಲಗೆಯ ಕೊಯ್ದ ಅಂಚು ನೋಡಿದಳು. "ನಾ ಬಣ್ಣಾ ಕೇಳಿದ್ನೇನ್ರಿ?" ಅಂದಳು. ದನಿ ಏರಲಿಲ್ಲ.

ಟ್ರಂಕು ತೆಗೆದು, ಬಟ್ಟೆಯಲ್ಲಿ ಸುತ್ತಿದ್ದ ಎರಡು ಬಿಜಾಗರಿ ಬಿಚ್ಚಿ ಬೆಂಚಿನ ಮೇಲಿಟ್ಟಳು. ಅವು ಹಸಿ ಬಣ್ಣಕ್ಕೆ ಅಂಟಿಕೊಂಡವು. ಮಾವ ಟ್ರಂಕನ್ನು ಹೆಗಲಿಗೇರಿಸಿದ. ಅವ್ವ ಅಕ್ಕನ ಕೈ ಹಿಡಿದುಕೊಂಡು, "ಇಕಿನೂ ದೊಡ್ಡಾಕಿ ಆಗಾಕತ್ತಾಳ. ಇಕಿನ್ನ ಇಲ್ಲಿ ಬಿಡೂದಿಲ್ಲ" ಅಂದಳು. ನಾನು ಅಳುತ್ತಾ ಸೆರಗು ಹಿಡಿದೆ. ಅವಳೂ ಅಳುತ್ತಿದ್ದಳು. "ಸಾಲಿ ತಪ್ಪಸಬ್ಯಾಡ. ಅಪ್ಪಗ ರೊಟ್ಟಿ ಬಡ್ಯಾಕ ಬರೂದಿಲ್ಲ, ನೋಡಿಕೋ" ಎಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಅವರು ಹೋದ ಮೇಲೆ ಅಪ್ಪ ಬೆಂಚನ್ನು ಅಡ್ಡ ಉರುಳಿಸಿ, ಕೊಯ್ದ ಹಲಗೆಗಳನ್ನು ಅಳೆದ. ಎಷ್ಟು ಸಲ ಅಳೆದರೂ ಅವು ಅವನ ಸೊಂಟದ ಮೇಲೆ ಬರಲಿಲ್ಲ. ಮುಂದಿನ ತಿಂಗಳು ಹೊಸ ಹಲಗೆ ತಂದು ಬಾಗಿಲು ಮಾಡಿದ, ಬೆಂಚಿಗೆ ಅಂಟಿದ್ದ ಅವೇ ಬಿಜಾಗರಿ ಕಿತ್ತು ಬಡಿದ, ಒಳಗೊಂದು ಚಿಲಕವನ್ನೂ ಇಟ್ಟ. ಕರೆಯಲು ಮೋಟೆಬೆನ್ನೂರಿಗೆ ಮೂರು ಸಲ ಹೋದ. ಮೂರು ಸಲವೂ ಒಬ್ಬನೇ ತಿರುಗಿ ಬಂದ. ನಾನು ರಜೆಯಲ್ಲಿ ಅವ್ವನ ಹತ್ತಿರ ಹೋಗುತ್ತಿದ್ದೆ, ಆದರೆ ಅವಳು ಬ್ಯಾಡಗಿಯ ಆ ಮನೆಗೆ ಮತ್ತೆ ಕಾಲಿಡಲಿಲ್ಲ.

ಈಗ ರಾಣೇಬೆನ್ನೂರಿನ ಈ ಮನೆಯಲ್ಲಿ ನೀವು ಮೊಬೈಲಿನಲ್ಲಿ ವಿಡಿಯೊ ನೋಡಿ, ವಾಸನೆಯೇ ಇಲ್ಲದ ಬಣ್ಣ ತಂದು, ಅದೇ ಬೆಂಚನ್ನು ಮರಳುಕಾಗದದಿಂದ ಉಜ್ಜುತ್ತಿದ್ದೀರಿ. ಗಾಜಿನ ಬಾಟಲಿಗೆ ದಾರ ಸುತ್ತಿ ದೀಪ ಮಾಡಿದ್ದೀರಿ. ಚೆನ್ನಾಗಿದೆ. "ಅಜ್ಜಾ, ಇಲ್ಲಿ ಎರಡು ಕಡೆ ಬಣ್ಣ ಯಾಕ ಕಿತ್ತೈತಿ?" ಎಂದು ಬೆಳಗ್ಗೆ ಕೇಳಿದಿರಿ, ನಾನು ಸಿಡುಕಿದೆ. ಅದಕ್ಕೇ ಈಗ ಹೇಳಿದೆ. ನಿಮಗೆ ಬೇಕಾದ ಬಣ್ಣ ಬಳಿಯಿರಿ, ನಾನೇನೂ ಅನ್ನುವುದಿಲ್ಲ. ಈ ಮನೆಯಲ್ಲಿ ಎರಡು ಬಚ್ಚಲು, ಎರಡಕ್ಕೂ ಬಾಗಿಲು. ಮುಂಜಾನೆ ನಿಮ್ಮವ್ವ ಸ್ನಾನಕ್ಕೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಳ್ಳುವ ಸದ್ದು ನೀವು ಯಾರೂ ಕೇಳಿಸಿಕೊಂಡಿರಲಿಕ್ಕಿಲ್ಲ. ನಾನು ದಿನಾ ಕೇಳಿಸಿಕೊಳ್ಳುತ್ತೇನೆ. ನಮ್ಮವ್ವ ನಮ್ಮ ಮನೆಯಲ್ಲಿ ಆ ಸದ್ದನ್ನು ಒಂದು ದಿನವೂ ಮಾಡಲಿಲ್ಲ.