ಖಾಲಿ ಹಾಳೆ ಮಡಚದ ಹುಡುಗಿ

ತರಗತಿಯವರೆಲ್ಲ ಅವಳನ್ನು ಅಂಗುಲ ಎಂದೇ ಕರೆಯುತ್ತಿದ್ದರು. ಅಪ್ಪನ ಹಳೆಯ ಸ್ಟೀಲ್ ಸ್ಕೇಲು ಅವಳ ಚೀಲದಲ್ಲಿ ಸದಾ ಇರುತ್ತಿತ್ತು. ಬೆಂಚು, ಬಾಗಿಲು, ಗೆಳತಿಯ ಜಡೆ, ಏನು ಸಿಕ್ಕರೂ ಅಳೆಯುವಳು.

ಅಪ್ಪ ಮೂವತ್ತು ವರ್ಷ ದಿನಪತ್ರಿಕೆಯೊಂದರಲ್ಲಿ ಸುದ್ದಿ, ಚಿತ್ರ ಜೋಡಿಸಿ ಪುಟ ಕಟ್ಟಿದವರು. ಈಗ ಅವರ ದೃಷ್ಟಿ ದಿನೇದಿನೇ ಇಳಿಯುತ್ತಿತ್ತು. "ಇನ್ನೊಂದು ತಿಂಗಳು ದಪ್ಪ ಅಕ್ಷರ ಓದಬಹುದು, ಅಷ್ಟೇ" ಎಂದು ಕಣ್ಣಿನ ಡಾಕ್ಟರು ಕೈಚೆಲ್ಲಿದ್ದರು. ಅದೇ ವಾರ ಶಾಲೆಯಲ್ಲಿ ನಾಲ್ಕು ಪುಟದ ಪತ್ರಿಕೆ ಮಾಡಬೇಕೆಂದಾಯಿತು. ಪುಟ ಕಟ್ಟುವ ಕೆಲಸವನ್ನು ಅಂಗುಲ ಹಟ ಹಿಡಿದು ಕೇಳಿ ಪಡೆದಳು. ಮುಖಪುಟದಲ್ಲಿ ಅಪ್ಪನ ಬಗ್ಗೆ ತಾನೇ ಬರೆದದ್ದನ್ನು ದಪ್ಪ ಅಕ್ಷರದಲ್ಲಿ ಹಾಕಬೇಕು, ಅಪ್ಪ ಅದನ್ನು ಸ್ವಂತ ಕಣ್ಣಿಂದ ಓದಬೇಕು. ಅವಳಿಗೆ ಬೇಕಾಗಿದ್ದದ್ದು ಇದೊಂದೇ.

"ಮೊದ್ಲು ಖಾಲಿ ಹಾಳೆ ಮಡಚಿ ಪುಟದ ನಂಬರ್ ಹಾಕ್ಕೋ. ಅಕ್ಷರ ಆಮೇಲೆ" ಎಂದರು ಅಪ್ಪ.

"ಈಗೆಲ್ಲ ಕಂಪ್ಯೂಟರಲ್ಲೇ ಅಲ್ವಾ ಅಪ್ಪಾ, ಮಡಚೋದೇನು ಬಂತು?"

ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರೆ. ಆತುರಗಾರ್ತಿಯೂ ಅದಕ್ಕೆ ಹೊರತಲ್ಲ. ಮಧ್ಯಕ್ಕೆ ಮಡಚುವ ಹಾಳೆಯಲ್ಲಿ ಒಂದನೆಯ ಪುಟದ ಪಕ್ಕ ನಾಲ್ಕನೆಯದು ಬರಬೇಕು. ಅವಳು ಒಂದು, ಎರಡನ್ನು ಹಾಳೆಯ ಒಂದು ಮಗ್ಗುಲಿಗೂ ಮೂರು, ನಾಲ್ಕನ್ನು ಇನ್ನೊಂದು ಮಗ್ಗುಲಿಗೂ ಜೋಡಿಸಿ ಅಚ್ಚಿಗೆ ಕಳಿಸಿಬಿಟ್ಟಳು. ಅಚ್ಚಾಗಿ ಬಂದ ಕಟ್ಟು ಬಿಚ್ಚಿ ಒಂದು ಪ್ರತಿ ಮಡಚಿದರೆ, ಎರಡನೆಯ ಪುಟ ಮುಂದೆ ಕೂತಿದೆ, ಅಪ್ಪನಿದ್ದ ಮುಖಪುಟ ಬೆನ್ನಿಗೆ ಹೋಗಿದೆ! ಅಂಗುಲ ಇನ್ನೊಂದು ಪ್ರತಿ ಮಡಚಿ ನೋಡಿದಳು, ಅದೂ ಹಾಗೇ.

ಪತ್ರಿಕೆಯ ಹೊಣೆ ಹೊತ್ತಿದ್ದ ಕನ್ನಡ ಮೇಡಂ ಬೈಯಲಿಲ್ಲ. "ಮತ್ತೆ ಅಚ್ಚು ಹಾಕ್ಸೋಣ. ಒಂಬತ್ತು ದಿನ ಬೇಕಂತೆ. ಇದ್ರಲ್ಲೇ ಒಂದು ಅಪ್ಪಂಗೆ ತೋರ್ಸು ಹೋಗು" ಎಂದರು.

ತೋರಿಸುವುದೇ? ಮೂವತ್ತು ವರ್ಷ ಪುಟ ಕಟ್ಟಿದವರ ಕೈಗೆ ಈ ಅವತಾರವನ್ನು ಕೊಡುವುದೇ? ಪ್ರತಿಯನ್ನು ಚೀಲದ ತಳಕ್ಕೆ ತುರುಕಿ ಮನೆಗೆ ಹೋದಳು.

"ಪತ್ರಿಕೆ ಬಂತೇನಮ್ಮ?"

"ಇನ್ನೂ ಇಲ್ಲಪ್ಪ."

ಆ ಒಂಬತ್ತು ದಿನ ಅವಳಿಗೆ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಅಪ್ಪ ಗಡಿಯಾರ ನೋಡುವ ಬದಲು ಗಂಟೆ ಕೇಳಿದರು. ಏಳನೆಯ ದಿನ ಲೋಟವೆಂದು ಗಾಳಿ ಹಿಡಿದರು. ಡಾಕ್ಟರು ಹೇಳಿದ ತಿಂಗಳು ಮುಗಿಯಲು ಇನ್ನೂ ದಿನಗಳಿದ್ದವು. ಕಣ್ಣಿಗೆ ಆ ಲೆಕ್ಕ ಗೊತ್ತಿರಲಿಲ್ಲ.

ಹತ್ತನೆಯ ದಿನ ಅವಳು ಸರಿಯಾದ ಪ್ರತಿ ಹಿಡಿದು ಓಡಿಬಂದಳು. ಅಪ್ಪ ಕಿಟಕಿಯ ಬೆಳಕಿಗೆ ಕೂತು, ಭೂತಗನ್ನಡಿ ಇಟ್ಟು ನೋಡಿದರು. ಹಾಳೆಯನ್ನು ಮೂಗಿಗೆ ತಾಗಿಸಿ ನೋಡಿದರು. ತಿರುಗಿಸಿ ನೋಡಿದರು. ಕೊನೆಗೆ ಮಡಿಲಲ್ಲಿಟ್ಟುಕೊಂಡು ಹೆಬ್ಬೆರಳಿಂದ ಮಡಿಕೆ ಸವರಿದರು.

"ಮಡಿಕೆ ನೇರ ಇದೆ. ಯಾಕಮ್ಮ ಇಷ್ಟು ತಡ ಆಯ್ತು?"

ಅಂಗುಲ ಅಳುತ್ತಲೇ ಎಲ್ಲವನ್ನೂ ಹೇಳಿದಳು. ಅಪ್ಪ ನಕ್ಕೇಬಿಟ್ಟರು. "ಕೆಲ್ಸಕ್ಕೆ ಸೇರಿದ ವರ್ಷ ನಾನೂ ಹೀಗೇ ಮಾಡಿದ್ದೆ ಕಣೇ. ಇಡೀ ಊರೇ ನಕ್ಕಿತ್ತು." ಆಮೇಲೆ ನಗು ನಿಂತಿತು. "ಆವತ್ತು ನಂಗಿನ್ನೂ ಕಾಣ್ತಿತ್ತಲ್ಲಮ್ಮ. ತಪ್ಪಾಗಿದ್ದನ್ನೇ ಕೊಟ್ಟಿದ್ರೆ ಓದ್ತಿದ್ದೆ."

ಮಿಂಚಿಹೋದದ್ದಕ್ಕೆ ಚಿಂತಿಸಬಾರದಂತೆ. ಹಾಗೆಂದವರು ಆ ಹುಡುಗಿಯ ಮುಖ ನೋಡಿರಲಿಕ್ಕಿಲ್ಲ.

"ಇರ್ಲಿ ಬಿಡು, ನೀನೇ ಓದು" ಎಂದು ಅಪ್ಪ ಪತ್ರಿಕೆ ಚಾಚಿದರು, ಅವಳು ಕೂತಿರದ ಕಡೆಗೆ.

ಎದ್ದು ಹೋಗಿ ತೆಗೆದುಕೊಂಡಳು. "ನಮ್ಮಪ್ಪ ಪತ್ರಿಕೆಯನ್ನು ಮೊದಲು ಓದುವುದಿಲ್ಲ, ನೋಡುತ್ತಾರೆ" ಎಂದು ತಾನೇ ಬರೆದ ಮೊದಲ ಸಾಲು ಓದಿದಳು.