ಮನ್ಯಾಗ ಎಷ್ಟು ಮಂದಿ

ಒಂದೇ ಸೂರಿನಡಿ ಇದ್ದು, ಒಂದೇ ಒಲೆಯ ಅಡುಗೆ ಉಣ್ಣುವವರು ಒಂದು ಕುಟುಂಬ ಅಂತ ಕಾಲೇಜಿನಲ್ಲಿ ಸಮಾಜಶಾಸ್ತ್ರದ ಪಾಠ ಹೇಳುವವಳು ನಾನು. ಸಮೀಕ್ಷೆಗೆಂದು ಗೋವಾದ ಝುವಾರಿನಗರದ ಕನ್ನಡಿಗರ ಬಸ್ತಿಗೆ ಹೋದಾಗ, ರೊಟ್ಟಿ ಬಡಿಯುತ್ತಿದ್ದ ಶಾಂತವ್ವನಿಗೆ ಮೊದಲ ಪ್ರಶ್ನೆ ಹಾಕಿದೆ.

“ಮನ್ಯಾಗ ಎಷ್ಟು ಮಂದಿ ಅದಾರ್ರಿ?”

“ಯಾರೂ ಇಲ್ರಿ.”

ಅವಳ ಹಿಂದೆಯೇ ಗಂಡ, ಮಗ, ಸೊಸೆ ಕೂತು ಉಣ್ಣುತ್ತಿದ್ದರು.

“ಮತ್ತ ಇವರು?”

“ಇವ್ರು ಬಾಡಿಗಿ ಖೋಲ್ಯಾಗ ಇರೋರ್ರಿ, ಅಕ್ಕಾರ. ನೀವು ಮನಿ ಕೇಳಿದ್ರಿ. ಮನಿ ಊರಾಗ ಇತ್ತು. ಡ್ಯಾಮಿನ ಹಿನ್ನೀರಾಗ ಮುಳುಗಿ ಹೋತು.”

ಗೋವಾದಲ್ಲೇ ಹುಟ್ಟಿ, ಆ ಮನೆಯನ್ನು ಕಣ್ಣಿಂದ ನೋಡಿರದ ಮಗನೂ ತಲೆ ಎತ್ತದೆ “ಹೌದ್ರಿ” ಅಂದ.

ಫಾರ್ಮಿನಲ್ಲಿ ಆ ಅಂಕಣ ಖಾಲಿ ಬಿಟ್ಟೆ. ಅವಳು ಕೊಟ್ಟ ರೊಟ್ಟಿ ತಿಂದು ಎದ್ದೆ.

ವಾಪಸು ಬಸ್ಸಿನಲ್ಲಿರುವಾಗ ತಂಗಿ ಫೋನ್ ಮಾಡಿ, ಮನೆ ಮುಟ್ಟಿದೆಯಾ ಅಂತ ಕೇಳಿದಳು.

“ಫ್ಲ್ಯಾಟಿಗೆ ಇನ್ನೂ ಅರ್ಧ ಗಂಟೆ” ಅಂದೆ.