ಮೀನಿನ ತಾಟು

ಯಾರಾದರೂ ‘ನಮ್ಮ ಮನೆಯಲ್ಲೊಂದು ವಿಚಿತ್ರ ನಡೆಯಿತು’ ಎಂದು ಶುರುಮಾಡಿದರೆ ನಾನು ಮೊದಲು ಕೇಳುತ್ತಿದ್ದದ್ದು, ‘ಆಗ ಅಲ್ಲಿ ಬೇರೆ ಯಾರಿದ್ದರು?’ ಎಂದು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಅಂಟಿಕೊಂಡ ಚಾಳಿ. ಅರ್ಧಕ್ಕರ್ಧ ಕಥೆಗಳು ಆ ಪ್ರಶ್ನೆಗೇ ಮುಗಿದುಹೋಗುತ್ತವೆ. ಈಗ ನಾನೇ ಅಂಥದೊಂದನ್ನು ಹೇಳಲು ಕೂತಿದ್ದೇನೆ. ನೀವು ನನ್ನನ್ನು ಅದೇ ಪ್ರಶ್ನೆ ಕೇಳಿದರೆ ಬೇಸರವಿಲ್ಲ; ಕೇಳಲೇಬೇಕು.

ಬೈಲಹೊಂಗಲದಲ್ಲಿ ಅಪ್ಪನ ತಮ್ಮ, ನಮ್ಮ ಕಾಕಾನ ಮನೆ. ಅಜ್ಜ ಗುಡಿಯ ಪೂಜೆ ಮಾಡಿಕೊಂಡಿದ್ದವರು. ಕಾಕಾ ಮೋಟಾರು ರಿಪೇರಿಯ ಅಂಗಡಿ ಇಟ್ಟವನು. ಹಿತ್ತಲಲ್ಲಿ ಅವನೇ ಸಿಮೆಂಟಿನ ಸಣ್ಣ ಹೊಂಡ ಕಟ್ಟಿ, ಹಳೆಯ ಪಂಪೊಂದನ್ನು ಕೂರಿಸಿ ಕಾರಂಜಿ ಮಾಡಿ, ಮೀನು ಬಿಟ್ಟಿದ್ದ. ಸಂಜೆ ಅದನ್ನು ಚಾಲೂ ಮಾಡಿ, ಹೆಂಡತಿಯ, ಅಂದರೆ ನಮ್ಮ ಕಾಕುವಿನ, ಜೊತೆ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಅವನು ತೀರಿಕೊಂಡ ಮೇಲೆ ಕಾಕು ಹಿತ್ತಲ ಬಾಗಿಲು ದಾಟಲೇ ಇಲ್ಲ. ಅಡುಗೆಮನೆಯ ಕಿಟಕಿಯನ್ನೂ ಮುಚ್ಚಿಯೇ ಇಡುತ್ತಿದ್ದಳು.

ಕೆಲವು ವರ್ಷಗಳ ಹಿಂದಿನ ಬೇಸಿಗೆ. ಅವರ ಮಗ ವಿನಾಯಕ ಹೊಂಡ ಒಡೆಸಲು ಗೌಂಡಿಗೆ ಹೇಳಿಬಿಟ್ಟಿದ್ದ. ಸೊಳ್ಳೆ, ನಾತ ಎಂಬ ಅವನ ಮಾತೇನೂ ಸುಳ್ಳಲ್ಲ. ಕಾಕು ಯರಗಟ್ಟಿಯಲ್ಲಿದ್ದ ನನಗೆ ಫೋನು ಮಾಡಿದಳು.

“ನೀ ಬಂದು ಒಮ್ಮೆ ತೊಳದು ಕೊಡವಾ. ನೀರು ಚಿಮ್ಮೂದು ನೋಡಿದ್ರ ಅಂವಾ ಕೆಡವಂಗಿಲ್ಲ. ನನಗಂತೂ ಅಲ್ಲಿ ಹೋಗಲಿಕ್ಕೆ ಆಗೂದಿಲ್ಲ.”

ಹೋದೆ. ಗೌಂಡಿ ಮರುದಿನ ಬರುವವನಿದ್ದ. ಮೀನುಗಳನ್ನು ಬಕೆಟ್ಟಿಗೆ ಹಾಕಿ ನೀರು ಖಾಲಿ ಮಾಡಿದೆ. ಬೋರಿನ ಗಡಸು ನೀರಿಗೆ ಗೋಡೆಯ ತುಂಬ ಸುಣ್ಣದಂಥ ಬಿಳಿ ಪರೆ ಕಟ್ಟಿತ್ತು. ಅದರ ಮೇಲೆ ಪಾಚಿ. ನೆನೆಸಿದ ಹುಣಸೆಹಣ್ಣು ಬಳಿದು, ಇಟ್ಟಿಗೆಯ ಪುಡಿ ಹಾಕಿ, ತೆಂಗಿನ ನಾರಿನಿಂದ ತಿಕ್ಕತೊಡಗಿದೆ.

ವಿನಾಯಕ ಬಾಗಿಲಲ್ಲಿ ನಿಂತು, “ಅಕ್ಕಾ, ಭಾಷಣಾ ಮಾಡಿದ್ರ ಪಾಚಿ ಹೋಗಂಗಿಲ್ಲ, ರಟ್ಟಿ ನೋಯಬೇಕು” ಎಂದ.

“ನಿನ್ನ ರಟ್ಟಿ ಎಲ್ಲದ? ಗೌಂಡಿ ಕಡೆ ಒತ್ತಿ ಹಾಕೀಯೇನು?”

ನಗುತ್ತ ಅಂಗಡಿಗೆ ಹೋದ.

ಹೊತ್ತು ಇಳಿಯುವಷ್ಟರಲ್ಲಿ ಪರೆಯೆಲ್ಲ ಎದ್ದುಬಂತು. ಒಂದು ಜಾಗ ಮಾತ್ರ ಉಳಿಯಿತು. ಮೂಡಣ ಗೋಡೆಯ ಕೆಳಗೆ, ಗುಂಡಗೆ, ಹಸಿರು ಪಾಚಿ. ಹುಣಸೆ ಮುಗಿದು ನಿಂಬೆ ಹಿಂಡಿದೆ, ತಂತಿ ಬ್ರಶ್ಶು ಹಿಡಿದೆ; ತಂತಿಗಳೇ ಬಾಗಿದವು. ಕಲ್ಲಿನಂಥ ಪರೆಯನ್ನು ಬಿಟ್ಟುಕೊಟ್ಟ ಗೋಡೆ ಮೆತ್ತನೆಯ ಪಾಚಿಯನ್ನು ಹಿಡಿದುಕೊಂಡು ಕೂತಿತ್ತು. ಸಿಟ್ಟು ನೆತ್ತಿಗೇರಿ, “ಯಾಕ ಹೋಗವಲ್ಲಿ ನೀ?” ಎಂದು ಅದಕ್ಕೇ ಜೋರಾಗಿ ಬೈದೆ.

“ಯಾರ ಕೂಡ ಜಗಳಾ ನಡಸೀದಿ?” ಒಳಗಿನಿಂದ ಕಾಕುವಿನ ದನಿ.

“ನಿಮ್ಮ ಹೊಂಡದ ಕೂಡ. ಈ ಮೂಲ್ಯಾಗ ಒಂದೀಟು ಪಾಚಿ ಅದ, ಗುಂಡಗ. ಏನ ಮಾಡಿದ್ರೂ ಬಿಡವಲ್ದು.”

ಸ್ವಲ್ಪ ಹೊತ್ತಿಗೆ ಚಿಲಕ ಸರಿದ ಸದ್ದು. ಕಾಕು ಹೊಸ್ತಿಲಲ್ಲಿ ನಿಂತಳು; ಆಮೇಲೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಹೊಂಡದವರೆಗೂ ಬಂದಳು.

“ಅಯ್ಯ, ಮೀನಿನ ತಾಟು,” ಎಂದಳು.

ಕಾಕಾ ಪ್ರತಿಸಲ ಹೊಂಡ ತೊಳೆದಾಗಲೂ ಅಷ್ಟು ಪಾಚಿಯನ್ನು, ಅದೇ ಜಾಗದಲ್ಲಿ, ಮೀನುಗಳ ಊಟದ ತಟ್ಟೆಯೆಂದು ತಿಕ್ಕದೆ ಬಿಡುತ್ತಿದ್ದನಂತೆ. “ಮನಿ ತೊಳಿಯೂ ಭರದಾಗ ಅವನ್ನ ಉಪಾಸ ಕೆಡವಬಾರದು ಅಂತಿದ್ರು.” ಅವನು ತೊಳೆಯುವುದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ, ಈ ಮಾತನ್ನು ಯಾರೂ ನನಗೆ ಹೇಳಿರಲಿಲ್ಲ.

ಕಾಕು ಹೊಂಡದೊಳಗೆ ಇಳಿದು, ಬಗ್ಗಿ, ಪಾಚಿಯ ಅಂಚಿಗೆ ಒಂದು ಬೆರಳು ಒತ್ತಿದಳು. ಬೆಣ್ಣೆ ಬಂದಂತೆ ಬೆರಳಿಗೆ ಬಂತು.

“ಬರ್ತದಲ್ಲವಾ,” ಎಂದಳು. “ಆದ್ರ ಇರಲಿ ಬಿಡು.”

ನೀರು ತುಂಬಿಸಿದೆವು. ಬಕೆಟ್ಟು ಬಗ್ಗಿಸಿದಾಗ ಮೀನುಗಳು ನೆಟ್ಟಗೆ ಆ ಹಸಿರಿನ ಕಡೆಗೇ ಹೋದವು. ಕಾರಂಜಿ ಎರಡು ಸಲ ಕೆಮ್ಮಿ ಚಿಮ್ಮಿತು. ವಿನಾಯಕ ಬಂದಾಗ ಅವನವ್ವ ಕಟ್ಟೆಯ ಮೇಲೆ ಕೂತಿದ್ದಳು, ತೋಯ್ದ ಸೆರಗು ಹಿಂಡಿಕೊಳ್ಳುತ್ತ. ಅವಳನ್ನು ನೋಡಿದವನೇ ಅತ್ತ ತಿರುಗಿ ಫೋನು ಹಚ್ಚಿ, “ನಾಳೆ ಬರಬ್ಯಾಡ್ರಿ” ಎಂದು ಗೌಂಡಿಗೆ ಹೇಳಿ, ತಾನೇ ಚಹಾ ಮಾಡಲು ಒಳಗೆ ಹೋದ.

ವಾದ ನನಗೂ ಗೊತ್ತು. ಕಾಕಾ ವರ್ಷಗಟ್ಟಲೆ ತಿಕ್ಕದೆ ಬಿಟ್ಟ ಜಾಗ, ಪಾಚಿ ಗಟ್ಟಿಯಾಗಿ ಹಿಡಿದಿರುತ್ತದೆ. ಹುಳಿ ಇಳಿಯಲು ಹೊತ್ತು ಬೇಕು. ಕಾಕು ಬರುವಷ್ಟರಲ್ಲಿ ಇಳಿದಿತ್ತು. ವೇದಿಕೆಯ ಮೇಲಾದರೆ ಇಷ್ಟು ಹೇಳಿ ಚಪ್ಪಾಳೆ ತೆಗೆದುಕೊಂಡು ಇಳಿಯುತ್ತಿದ್ದೆ.

ಆದರೆ ಒಂದು ಸಂಗತಿ ಉಳಿದಿದೆ. ನೀರು ಬಿಡುವ ಮೊದಲು, ಕಾಕು ಮೋಟಾರಿನ ಸ್ವಿಚ್ಚಿನ ಕಡೆ ತಿರುಗಿದಾಗ, ಅವಳು ಬೆರಳಿಟ್ಟ ಜಾಗದ ಪಕ್ಕದಲ್ಲೇ ನಾನು ಮೆಲ್ಲಗೆ ಉಗುರು ಹಾಕಿ ನೋಡಿದ್ದೆ. ಬರಲಿಲ್ಲ.

ಆಗ ಅಲ್ಲಿ ಬೇರೆ ಯಾರಿದ್ದರು ಎಂದು ನೀವು ಕೇಳುತ್ತೀರಿ. ಕಾಕು ಇದ್ದಳು, ನಾನಿದ್ದೆ, ಬಕೆಟ್ಟಿನಲ್ಲಿ ಮೀನುಗಳಿದ್ದವು. ಅಷ್ಟೇ ಎಂದು ಖಂಡಿತವಾಗಿ ಹೇಳಲು ಇಂದಿಗೂ ನನ್ನ ನಾಲಗೆ ಏಳುವುದಿಲ್ಲ.